163ನೆಯ ಗುಂಡು

ಕಳೆದ ಶನಿವಾರ ಬೆಳಿಗ್ಗೆ, 163ನೆಯ ಗುಂಡಿಗೆ, ನನ್ನ ಹೊಸ ಪಿಸ್ತೂಲು ನಿಂತುಹೋಯಿತು. ಟ್ರಿಗರ್ ಎಳೆದರೆ ಬೆರಳಿಗೆ ಏನೂ ತಾಗಲಿಲ್ಲ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು ಸ್ವಲ್ಪ ವಾಲಿಸಿ ನೋಡಿದೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ; ಖಾಲಿ ತೋಟೆ ಹೊರಗೆ ಹಾರುವ ಕಿಂಡಿಯಲ್ಲಿ ಮುಂದಿನ ಗುಂಡು ಮೂತಿ ಕೆಳಗೆ ಮಾಡಿಕೊಂಡು, ಹಾರುವ ಮುನ್ನ ಗುಂಡು ಕೂರುವ ಚೇಂಬರಿಗೆ ಹತ್ತುವ ಇಳಿಜಾರಿಗೆ ಮೂಗು ಒತ್ತಿಕೊಂಡು, ಬಾಗಿಲಲ್ಲಿ ಸಿಕ್ಕಿಬಿದ್ದ ಮಂಚದ ಹಾಗೆ ಓರೆಯಾಗಿ ನಿಂತಿತ್ತು.

ಕಲಿತದ್ದನ್ನು ಕೈ ತಾನಾಗಿಯೇ ಮಾಡಿತು. ಹಿಡಿಯೊಳಗೆ ಗುಂಡುಗಳನ್ನು ಹೊತ್ತ ಮ್ಯಾಗಜೀನಿನ ಬುಡಕ್ಕೆ ಅಂಗೈಯಿಂದ ಒಂದು ಏಟು, ಸ್ಲೈಡನ್ನು ಜೋರಾಗಿ ಹಿಂದಕ್ಕೆಳೆದು ಬಿಡುವುದು. ಓರೆಯಾಗಿದ್ದ ಗುಂಡು ನೆಲಕ್ಕೆ ಬಿದ್ದು ಉರುಳಿತು, ಉಳಿದವು ತಕರಾರಿಲ್ಲದೆ ಹೊರಟವು. ಎಲ್ಲ ಸೇರಿ ಮೂರು ಸೆಕೆಂಡು ಹಿಡಿದಿರಬಹುದು. ಅಷ್ಟರಲ್ಲಿ ಗುರಿ ಅಭ್ಯಾಸದ ರೇಂಜಿನ ಮೇಲ್ವಿಚಾರಕರು ಹಿಂದೆ ಬಂದು ನಿಂತಿದ್ದರು. ಎಪ್ಪತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಇಲ್ಲಿ ಟೆಕ್ಸಸ್‌ನಲ್ಲಿ ಪಿಸ್ತೂಲಿನ ಬಗ್ಗೆ ಮಾತು ಕಡಿಮೆಯಿರುವ ಗಂಡಸರು ಅಪರೂಪ, ಆದ್ದರಿಂದಲೇ ಅವರ ಮೇಲೆ ನನಗೆ ಗೌರವ. ಏನಾಯಿತು ಎಂದು ಕೇಳಿದರು.

“ಒಂದೇ ಕೈಯಲ್ಲಿ ಹೊಡೆಯುತ್ತಿದ್ದೆ. ಕೈ ದಣಿದಿತ್ತು, ಮಣಿಕಟ್ಟು ಸಡಿಲವಾಗಿರಬೇಕು,” ಎಂದೆ.

“ಮ್ಯಾಮ್, ಇದು ನಿಮಗೆ ನಿಜವಾಗಿ ಬೇಕಾಗುವ ದಿನ ನಿಮ್ಮ ಕೈ ದಣಿದಿರುವುದಿಲ್ಲವೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಕ್ಕದ ಸಾಲಿಗೆ ಹೋದರು.

ಈ ಒಂದು ವಾಕ್ಯ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಪಾತ್ರೆ ತೊಳೆಯುವಾಗ, ಹೆದ್ದಾರಿಯಲ್ಲಿ ಕಾರು ಓಡಿಸುವಾಗ, ಮಗನ ಶಾಲೆಯ ಮುಂದೆ ಕಾಯುವಾಗ ಅದಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದ್ದೇನೆ, ಒಂದೂ ನಿಂತಿಲ್ಲ.

ನಾನು ಯಾಕೆ ಪಿಸ್ತೂಲು ಕೊಂಡೆ ಎಂಬುದನ್ನು ವಿವರಿಸಲು ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಬ್ಬಳೇ ಕಾರಿನವರೆಗೆ ನಡೆದ ಹೆಂಗಸರಿಗೆ ಅದು ಗೊತ್ತು. ವೀಸಾದಲ್ಲಿದ್ದಷ್ಟು ವರ್ಷ ಇಲ್ಲಿ ಅದನ್ನು ಇಟ್ಟುಕೊಳ್ಳುವುದು ನನ್ನಂಥವರಿಗೆ ಸುಲಭವಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ದಾರಿ ತೆರೆಯಿತು. 2021ರ ಸೆಪ್ಟೆಂಬರಿನಿಂದ ಟೆಕ್ಸಸ್‌ನಲ್ಲಿ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರಾದರೂ ಪರವಾನಗಿ ಇಲ್ಲದೆಯೇ ಕೈಪಿಸ್ತೂಲನ್ನು ಜೊತೆಗಿಟ್ಟುಕೊಳ್ಳಬಹುದು. ಆದರೂ ನಾನು ತರಗತಿಗೆ ಹೋಗಿ, ಪರೀಕ್ಷೆ ಬರೆದು, ಗುರಿ ಹೊಡೆದು ತೋರಿಸಿ ಪರವಾನಗಿ ಪಡೆದೆ. ಕಾಗದವಿಲ್ಲದ ಕೆಲಸವನ್ನು ನಂಬುವುದಕ್ಕೆ ನನ್ನ ಮನಸ್ಸಿಗೆ ಬರುವುದಿಲ್ಲ, ಅದು ವೃತ್ತಿಯಿಂದ ಬಂದ ರೋಗ. ರೋಗಿಯ ರಕ್ತನಾಳಕ್ಕೆ ಔಷಧಿಯನ್ನು ಹನಿ ಹನಿಯಾಗಿ ಬಿಡುವ ಪಂಪುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದು ಯಂತ್ರವನ್ನು ಎಷ್ಟು ಸಲ ಓಡಿಸಿದ ಮೇಲೆ ನಂಬಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಹಾಗಾಗಿ, ಪಿಸ್ತೂಲು ಮಾರಿದ ಹುಡುಗ “200 ಗುಂಡು ಹೊಡೆಯಿರಿ, ಒಂದೂ ಸಿಕ್ಕಿಕೊಳ್ಳದಿದ್ದರೆ ಕಣ್ಣು ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ” ಎಂದಾಗ ನನಗೆ ಒಳಗೊಳಗೇ ನಗು ಬಂದಿತ್ತು. ಈ 200ರ ಲೆಕ್ಕವನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕೆಲವರು 500 ಎನ್ನುತ್ತಾರೆ, ಜೇಬು ಗಟ್ಟಿಯಿರುವವರು 1,000 ಎನ್ನುತ್ತಾರೆ. ನಮ್ಮ ವೃತ್ತಿಯಲ್ಲಿ ಒಂದು ಸುಲಭದ ಸೂತ್ರವಿದೆ. ಎಷ್ಟು ಸಲ ಪರೀಕ್ಷಿಸಿದರೂ ಒಂದು ದೋಷವೂ ಕಾಣದಿದ್ದರೆ, 3ನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ನಿಜವಾದ ದೋಷದ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲ ಎಂದು 95 ಪ್ರತಿಶತ ಭರವಸೆಯಿಂದ ಹೇಳಬಹುದು. 200 ಗುಂಡು ನಿರಾತಂಕವಾಗಿ ಹೋದರೆ ಸಿಗುವ ಭರವಸೆ ಇಷ್ಟೇ: ದೋಷವು ಪ್ರತಿಶತ 1.5ಕ್ಕಿಂತ ಕಡಿಮೆ. ಕೇಳಲು ಸಣ್ಣ ಸಂಖ್ಯೆ. ಆದರೆ ನೂರಕ್ಕೆ ಒಂದೂವರೆ ಸಲ ಕೈಕೊಡುವ ಪಿಸ್ತೂಲು, ಹತ್ತು ಗುಂಡಿನ ಮ್ಯಾಗಜೀನನ್ನು ತುಂಬಿ ಹೊಡೆದಾಗ, ಸುಮಾರು ಏಳು ಮ್ಯಾಗಜೀನುಗಳಲ್ಲಿ ಒಂದರಲ್ಲಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ. 500ಕ್ಕೆ ಹೋದರೆ ಮಿತಿ ಪ್ರತಿಶತ 0.6, ಸಾವಿರಕ್ಕೆ 0.3. ಜೊತೆಗಿಟ್ಟುಕೊಳ್ಳುವಾಗ ಬಳಸುವ, ಮೂತಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡಿಗೆ ಒಂದೊಂದಕ್ಕೂ ಹೆಚ್ಚುಕಡಿಮೆ ಒಂದು ಡಾಲರ್ ಬೀಳುವುದರಿಂದ, ಈ ಭರವಸೆಯನ್ನು ಕೊಳ್ಳಲು ಪಿಸ್ತೂಲಿನ ಬೆಲೆಗಿಂತ ಹೆಚ್ಚು ಹಣ ಬೇಕು. 200 ಎಂಬ ಸಂಖ್ಯೆ ಗಣಿತದಿಂದ ಬಂದದ್ದಲ್ಲ, ಜನರ ತಾಳ್ಮೆ ಮತ್ತು ಪರ್ಸು ಎಲ್ಲಿ ಮುಗಿಯುತ್ತವೋ ಅಲ್ಲಿಂದ ಬಂದದ್ದು ಎಂಬುದು ನನ್ನ ಗುಮಾನಿ.

ಇಷ್ಟೆಲ್ಲ ತಿಳಿದವಳು ಶನಿವಾರ ಆ ಮನುಷ್ಯನ ಮುಂದೆ ಏನು ಮಾಡಿದೆ? ದೋಷ ಕಂಡ ಮರುಕ್ಷಣವೇ ಪಿಸ್ತೂಲಿನ ಪರವಾಗಿ ವಕಾಲತ್ತು ವಹಿಸಿದೆ. ಕೈ ದಣಿದಿತ್ತು ಎಂದೆ. ಮನೆಗೆ ಬಂದ ಮೇಲೆ ನನ್ನ ಗಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: “163ರಲ್ಲಿ ಒಂದು ತಾನೆ? ಹೊಸದು, ಇನ್ನೂ ಪಳಗಬೇಕು.” ಅವರ ದೊಡ್ಡ ಪಿಸ್ತೂಲು ಯಾವತ್ತೂ ನಿಂತದ್ದಿಲ್ಲವಂತೆ. ಅದನ್ನು ಅವರು ವರ್ಷಕ್ಕೆ ಎರಡು ಸಲ ಹೊರಗೆ ತೆಗೆಯುತ್ತಾರೆ ಎಂಬುದನ್ನು ನಾನು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ವ್ಯತ್ಯಾಸ ಬರೀ ಗಾತ್ರದ್ದಲ್ಲ. ನನ್ನದು ಅರ್ಧ ಕಿಲೋ ತೂಕದ, ಮೂರು ಇಂಚು ನಳಿಕೆಯ ವಸ್ತು. ಗುಂಡು ಹಾರಿದ ರಭಸಕ್ಕೆ ಸ್ಲೈಡ್ ಹಿಂದಕ್ಕೆ ಹೋಗಿ, ಖಾಲಿ ತೋಟೆಯನ್ನು ಎಸೆದು, ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುತ್ತ ಹೊಸ ಗುಂಡನ್ನು ಮ್ಯಾಗಜೀನಿನಿಂದ ಉಜ್ಜಿಕೊಂಡು ಚೇಂಬರಿಗೆ ತಳ್ಳಬೇಕು. ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡ್ ಹಗುರ, ಅದು ಓಡುವ ದೂರ ಕಡಿಮೆ, ಆದರೆ ಗುಂಡಿನ ಬಲ ದೊಡ್ಡದರಷ್ಟೇ. ಅದನ್ನು ತಡೆಯಲು ಗಡುಸಾದ ಸ್ಪ್ರಿಂಗ್ ಬೇಕು. ಎಲ್ಲವೂ ಅವಸರದಲ್ಲಿ ನಡೆಯುವುದರಿಂದ, ಮ್ಯಾಗಜೀನಿನೊಳಗಿನ ಸ್ಪ್ರಿಂಗಿಗೆ ಮುಂದಿನ ಗುಂಡನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸಲು ಸಮಯ ಸಾಲದೆ ಹೋಗಬಹುದು. ಸ್ಲೈಡ್ ಹಿಂದಕ್ಕೆ ಪೂರ್ತಿ ಓಡಬೇಕಾದರೆ ಪಿಸ್ತೂಲಿನ ಉಳಿದ ಭಾಗ ಅಲುಗದೆ ನಿಲ್ಲಬೇಕು; ಹಾಗೆ ನಿಲ್ಲಿಸುವುದು ಹಿಡಿದವಳ ಮಣಿಕಟ್ಟು. ಮಣಿಕಟ್ಟು ಮೆತ್ತಗಾದರೆ ಸ್ಲೈಡಿಗೆ ಸಿಗಬೇಕಾದ ಓಟವನ್ನು ಕೈ ನುಂಗಿಬಿಡುತ್ತದೆ. ಅಂದರೆ ನನ್ನ ಕೈಯೂ ಆ ಯಂತ್ರದ ಒಂದು ಬಿಡಿಭಾಗ. ದಣಿದ ಕೈಯಲ್ಲಿ ಓಡದ ಯಂತ್ರವನ್ನು ಒಳ್ಳೆಯದೆಂದೂ ಕೈಯನ್ನು ಕೆಟ್ಟದ್ದೆಂದೂ ಬೇರ್ಪಡಿಸಿ ಹೇಳುವುದಕ್ಕೆ ಬರುವುದಿಲ್ಲ ಎಂದೇ ಆ ಮುದುಕರು ಹೇಳಿದ್ದು.

ಆದರೆ ತಪ್ಪು ನಿಜಕ್ಕೂ ಕೈಯದೇ ಎಂಬುದೂ ಖಚಿತವಿಲ್ಲವಲ್ಲ. ನನ್ನ ಬಳಿ ಮೂರು ಮ್ಯಾಗಜೀನುಗಳಿವೆ. ಬುಡದಲ್ಲಿ ಕೆಂಪು ನೈಲ್ ಪಾಲಿಶ್‌ನಿಂದ 1, 2, 3 ಎಂದು ಬರೆದಿದ್ದೇನೆ, ಸರದಿಯಂತೆ ಬಳಸುತ್ತೇನೆ. ಶನಿವಾರ ನಿಂತದ್ದು 2ನೆಯದರ ಮೂರನೆಯ ಗುಂಡು. ಗುರುವಾರ ಕೆಲಸಕ್ಕೆ ರಜೆ ಹಾಕಿ ಮತ್ತೆ ಹೋದೆ. 2ನೆಯ ಮ್ಯಾಗಜೀನಿನಿಂದ ಎರಡು ಕೈಯಲ್ಲಿ 50, ಒಂದು ಕೈಯಲ್ಲಿ 30. ಉಳಿದೆರಡರಿಂದ ಒಂದು ಕೈಯಲ್ಲಿ 30. ಬೇಕೆಂದೇ ಮಣಿಕಟ್ಟನ್ನು ಸಡಿಲ ಬಿಟ್ಟು ಇನ್ನೂ ಹತ್ತು. ಒಂದೂ ನಿಲ್ಲಲಿಲ್ಲ. 120 ಗುಂಡು, ಒಂದು ಸಣ್ಣ ಕೆಮ್ಮೂ ಇಲ್ಲದೆ.

ಬೇರೆಯವರಾಗಿದ್ದರೆ ನಿರಾಳವಾಗುತ್ತಿದ್ದರೇನೋ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೆಲಸದಲ್ಲಿ ನಮಗೆ ಒಂದು ನಮೂನೆಯಿದೆ, ದೂರು ಬಂದ ಪಂಪನ್ನು ಪರೀಕ್ಷಿಸಿ ಕೊನೆಯಲ್ಲಿ ತುಂಬುವಂಥದ್ದು. ಅದರಲ್ಲಿ “ದೋಷ ಮರುಕಳಿಸಲಿಲ್ಲ” ಎಂಬ ಚೌಕವಿದೆ. ಹಲವು ವರ್ಷಗಳ ಹಿಂದೆ, ಆಗಿನ ಒಂದು ಕಂಪನಿಯಲ್ಲಿ, ಒಂದು ಸಲ ಮಾತ್ರ ಎಚ್ಚರಿಕೆಯ ಗಂಟೆ ಬಾರಿಸದೆ ಸುಮ್ಮನಾದ ಪಂಪೊಂದು ನನ್ನ ಮೇಜಿಗೆ ಬಂದಿತ್ತು. ಎರಡು ದಿನ ಓಡಿಸಿದೆ. ಗಂಟೆ ಪ್ರತಿಸಲವೂ ಬಾರಿಸಿತು. ಚೌಕದಲ್ಲಿ ಗುರುತು ಹಾಕಿ, ಸಹಿ ಮಾಡಿ ವಾಪಸು ಕಳಿಸಿದೆ. ಮೂರು ತಿಂಗಳಿಗೆ ಅದೇ ಪಂಪು ಅದೇ ದೂರಿನೊಂದಿಗೆ ಮರಳಿ ಬಂತು. ಯಾರಿಗೂ ಏನೂ ಆಗಿರಲಿಲ್ಲ, ದಾದಿಯೊಬ್ಬರು ಸಮಯಕ್ಕೆ ನೋಡಿದ್ದರು. ಒಳಗಿನ ಬೆಸುಗೆಯೊಂದರಲ್ಲಿ ಕೂದಲೆಳೆಯಂಥ ಬಿರುಕು. ಕೋಣೆ ತಣ್ಣಗಿದ್ದಾಗ ಕೂಡಿಕೊಳ್ಳುತ್ತಿತ್ತು, ಬಿಸಿಯಾದಾಗ ಬಿಡುತ್ತಿತ್ತು. ನಮ್ಮ ಪರೀಕ್ಷಾಲಯ ಯಾವಾಗಲೂ ತಣ್ಣಗಿರುತ್ತದೆ. ಆ ಸಹಿಯ ಮೇಲೆ ನನ್ನನ್ನು ಯಾರೂ ಬೈಯಲಿಲ್ಲ, ವಿಧಾನದ ಪ್ರಕಾರ ನಾನು ಮಾಡಿದ್ದು ಸರಿಯಾಗಿತ್ತು. ಆದರೆ ಅಂದಿನಿಂದ, ಪದೇಪದೇ ಕೆಡುವ ಯಂತ್ರಕ್ಕಿಂತ ಒಮ್ಮೆ ಕೆಟ್ಟು ಸುಮ್ಮನಾದ ಯಂತ್ರವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಪಿಸ್ತೂಲಿನ ಜನರಿಗೆ 1911ರ ಕಥೆಯೆಂದರೆ ಬಹಳ ಪ್ರೀತಿ. ಅಮೆರಿಕದ ಸೇನೆ ಆ ವರ್ಷ ಕೋಲ್ಟ್ ಮತ್ತು ಸ್ಯಾವೇಜ್ ಕಂಪನಿಗಳ ಪಿಸ್ತೂಲುಗಳನ್ನು 6,000 ಗುಂಡುಗಳ ಪರೀಕ್ಷೆಗೆ ಹಚ್ಚಿತು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಒಂದು ಸಲವೂ ನಿಲ್ಲಲಿಲ್ಲ, ಎದುರಾಳಿ 37 ಸಲ ನಿಂತಿತು. ಅಂಗಡಿಯ ಹುಡುಗನೂ ಈ ಕಥೆ ಹೇಳಿದ್ದ. ಅದು ಒಂದು ವಿನ್ಯಾಸವನ್ನು ಆರಿಸಿದ ಪರೀಕ್ಷೆ. ನನ್ನ ಕೈಯಲ್ಲಿರುವುದು ಬೇರೊಂದು ವಿನ್ಯಾಸದ ಒಂದು ಪ್ರತಿ, ಅದಕ್ಕೆ ಮೂರು ಮ್ಯಾಗಜೀನು, ಒಂದು ಜಾತಿಯ ಗುಂಡು, ಮತ್ತು ನಲವತ್ತೈದು ದಾಟಿದ ನನ್ನ ಮಣಿಕಟ್ಟು. ಈ ಕೂಟವನ್ನು ನಾನಲ್ಲದೆ ಬೇರೆ ಯಾರೂ ಪರೀಕ್ಷಿಸಲಾರರು.

ಈ ನಡುವೆ ಬುಧವಾರ ಊರಲ್ಲಿ ಕೈಲ್ ಪೋದ್. ನಮ್ಮದು ಕೊಡಗಿನ ಜಮ್ಮಾ ಹಿಡುವಳಿಯ, ಅಂದರೆ ತಲೆಮಾರಿನಿಂದ ಬಂದ ಜಮೀನಿನ ಮನೆ. ನಾಟಿ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿಟ್ಟು ಪೂಜಿಸುವುದು, ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸುವುದು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಪ್ಪನ ಜೋಡಿ ನಳಿಕೆಯ ಕೋವಿ ಅಜ್ಜನ ಕಾಲದ್ದು. ಮನೆಯಲ್ಲಿ ಗಂಡು ಹುಟ್ಟಿದಾಗ ಆಕಾಶಕ್ಕೆ ಹಾರಿದ್ದು ಅದೇ, ಅಜ್ಜ ಹೋದಾಗ ಎರಡು ಸಲ ಹಾರಿದ್ದೂ ಅದೇ. ಅದನ್ನು ನಂಬಬಹುದೇ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳಿಲ್ಲ. ಅತ್ತೆ ಮಾವಂದಿರ ಬಗ್ಗೆ ಹಾಗೆ ಕೇಳುತ್ತೇವೆಯೇ?

ಫೋನಿನಲ್ಲಿ ಅಪ್ಪನಿಗೆ 163ನೆಯ ಗುಂಡಿನ ವಿಷಯ ಹೇಳಿದೆ. ಅವರಿಗೆ ಮೊದಲ ಆಶ್ಚರ್ಯ, ಭಾರತದಲ್ಲಿ ಸಾಮಾನ್ಯರಿಗೆ ನಿಷಿದ್ಧವಾದ 9 ಎಂಎಂ ಪಿಸ್ತೂಲು ಇಲ್ಲಿ ಮೀನಿನ ಗಾಳ ಮಾರುವ ಅಂಗಡಿಯಲ್ಲೇ ಸಿಗುತ್ತದೆಂಬುದು. ಎರಡನೆಯದು, ಗುಂಡು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆಂಬುದು.

“ನಮ್ಮದರಲ್ಲಿ ಸಿಕ್ಕಿಕೊಳ್ಳುವುದಕ್ಕೆ ಏನಿದೆ ಮಗಳೇ? ಎರಡು ಹಾಕುತ್ತೀ, ಎರಡು ಹೊಡೆಯುತ್ತೀ,” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಮಳೆಗಾಲದಲ್ಲಿ ತೋಟೆ ತೇವ ಹಿಡಿದು ಹಾರಲಿಲ್ಲ. ತೋಟದಲ್ಲಿ ಆನೆಯನ್ನು ಹೆದರಿಸಬೇಕಿತ್ತು. ಎರಡನೆಯದು ಹಾರಿತು,” ಎಂದರು. ಎರಡನೆಯದೂ ಹಾರದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. “ಓಡುತ್ತಿದ್ದೆ,” ಎಂದರು, ಇದೇನು ಪ್ರಶ್ನೆ ಎಂಬ ಧ್ವನಿಯಲ್ಲಿ.

ಆ ಉತ್ತರ ಕೇಳಿದಾಗಲೇ ನನಗೆ ಹೊಳೆದದ್ದು: ಈ ಮೂರು ವಾರಗಳಲ್ಲಿ ನಾನು ಗುಂಡುಗಳನ್ನು ಎಣಿಸಿದ್ದೇನೆಯೇ ಹೊರತು, ಅದು ನಿಂತ ದಿನ ಏನು ಮಾಡುತ್ತೇನೆಂದು ಒಮ್ಮೆಯೂ ಎಣಿಕೆ ಹಾಕಿಲ್ಲ. ಶನಿವಾರದ ಆ ಮೂರು ಸೆಕೆಂಡುಗಳಲ್ಲಿ ನನ್ನ ಕಾಲು ಬಿಳಿ ಗೆರೆಯ ಹಿಂದೆ ನೆಟ್ಟಂತೆ ನಿಂತಿತ್ತು. ರೇಂಜಿನಲ್ಲಿ ಕಾಲು ಅಲ್ಲಿಯೇ ಇರಬೇಕು ಎಂಬುದು ನಿಯಮ. ಪಾರ್ಕಿಂಗ್ ಜಾಗದಲ್ಲಿ ಕಾಲಿಗೆ ಮಾಡಲು ಬೇರೆ ಕೆಲಸವಿರುತ್ತದೆ: ಕಾರಿನ ಮರೆಗೆ ಸರಿಯುವುದು, ದೀಪವಿರುವ ಬಾಗಿಲ ಕಡೆಗೆ ಓಡುವುದು, ಮೊದಲೇ ಆ ಕತ್ತಲೆಗೆ ಇಳಿಯದೆ ಕಾವಲುಗಾರನನ್ನು ಕರೆಯುವುದು. ಸೊಂಟದಲ್ಲಿ ವಿಶ್ವಾಸಾರ್ಹವಾದದ್ದೊಂದು ಇದೆಯೆಂಬ ನಂಬಿಕೆಯಿಂದ ಇವನ್ನೆಲ್ಲ ನಾನು ಮರೆಯುತ್ತ ಬಂದಿದ್ದೆನೇ ಎಂಬ ಅನುಮಾನ ಈಗ ಬಂದಿದೆ.

2ನೆಯ ಮ್ಯಾಗಜೀನಿನ ಬುಡದಲ್ಲಿ ಅಂಕಿಯ ಮೇಲೆ ಅಡ್ಡಗೆರೆ ಎಳೆದು ಅಭ್ಯಾಸದ ಚೀಲಕ್ಕೆ ಹಾಕಿದ್ದೇನೆ. ಅದು ತಪ್ಪಿತಸ್ಥ ಎಂಬುದಕ್ಕೆ ಸಾಕ್ಷಿಯಿಲ್ಲ; ನಿರಪರಾಧಿ ಎಂಬುದಕ್ಕೂ ಇಲ್ಲ, ಹೊಸದಕ್ಕೆ ಹೆಚ್ಚು ಬೆಲೆಯೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಇದುವರೆಗಿನ ಎಣಿಕೆಯನ್ನು ಹೊಡೆದುಹಾಕಿ ಸೊನ್ನೆಯಿಂದ ಶುರು ಮಾಡಿದ್ದೇನೆ. ಗಂಡನಿಗೆ ಇದು ಹಣ ಸುಡುವ ಹಟವೆನಿಸಿದೆ. ಈ ಸಲ ಕೆಲಸ ಮುಗಿಸಿ ದಣಿದ ಸಂಜೆಗಳಲ್ಲೇ ರೇಂಜಿಗೆ ಹೋಗುವವಳಿದ್ದೇನೆ, ಒಂದು ವಾರ ಚೀಲದ ದೂಳು, ನೂಲು ಹತ್ತಿದ ಪಿಸ್ತೂಲನ್ನು ಒರೆಸದೆಯೇ. ಅಲ್ಲಿಯವರೆಗೆ ಅದು ಮನೆಯ ಉಕ್ಕಿನ ಪೆಟ್ಟಿಗೆಯಲ್ಲಿರುತ್ತದೆ, ನಾನು ಕಾವಲುಗಾರನನ್ನು ಜೊತೆಗೆ ಕರೆದುಕೊಂಡು ಕಾರಿಗೆ ನಡೆಯುತ್ತೇನೆ. ಇಷ್ಟು ದಿನ ಅವರನ್ನು ಕರೆಯಲು ಸಂಕೋಚವಾಗುತ್ತಿತ್ತು. ಕರೆದರೆ ಖುಷಿಯಿಂದ ಬರುತ್ತಾರೆ, ತಮ್ಮ ಮೊಮ್ಮಗಳ ಫುಟ್‌ಬಾಲಿನ ಸುದ್ದಿ ಹೇಳುತ್ತ.

ಫೋನ್ ಇಡುವ ಮುಂಚೆ ಅಪ್ಪ ಪಿಸ್ತೂಲನ್ನು ತೋರಿಸೆಂದರು. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು ಖಾಲಿ ಚೇಂಬರನ್ನು ಎರಡು ಸಲ ನೋಡಿಕೊಂಡು, ಮೇಜಿನ ಮೇಲೆ ಅಡ್ಡಲಾಗಿ ಇಟ್ಟು ಕ್ಯಾಮೆರಾ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು, ಪರದೆಯನ್ನು ಹತ್ತಿರ ತಂದುಕೊಂಡು, ಬಹಳ ಹೊತ್ತು ಅದರ ಬಾಯನ್ನೇ ನೋಡಿದರು.

“ಇದಕ್ಕೆ ಹೂವನ್ನು ಎಲ್ಲಿ ಸಿಕ್ಕಿಸುತ್ತೀ?” ಎಂದು ಕೇಳಿದರು.