ಆಯಿಲ್ ಡಬ್ಬಿಯ ಹಿಂಬದಿಯನ್ನು ಓದುವ ಅಭ್ಯಾಸ

ಡೀಸೆಲ್ ವಾಹನಗಳ ಸರ್ವಿಸ್ ವಿಭಾಗದಲ್ಲಿ ದುಡಿಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯೆಂದರೆ, ಎಂಜಿನ್ ಆಯಿಲ್ ಬದಲಿಸುವಾಗ ಸಿಂಥೆಟಿಕ್ (ಕೃತಕವಾಗಿ ತಯಾರಿಸಿದ ಆಯಿಲ್) ಹಾಕಿಸಬೇಕೇ, ಸೆಮಿ ಸಿಂಥೆಟಿಕ್ (ಅದನ್ನು ಸಾಮಾನ್ಯ ಆಯಿಲ್ ಜೊತೆ ಬೆರೆಸಿದ್ದು) ಸಾಕೇ ಎಂಬುದು. ಉತ್ತರಿಸುವ ಮೊದಲು ನಾನು ವಾಹನದ ಕೈಪಿಡಿಯನ್ನು ತರಿಸಿ ನೋಡುತ್ತೇನೆ. ತಯಾರಕರು ಸೂಚಿಸಿದ ಗ್ರೇಡ್ (ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದರ ಗುರುತು) ಹಾಗೂ ಗುಣಮಟ್ಟದ ಸಂಕೇತಕ್ಕೆ ಹೊಂದದ ಸಿಂಥೆಟಿಕ್‌ಗಿಂತ, ಅವೆರಡಕ್ಕೂ ಹೊಂದುವ ಸೆಮಿ ಸಿಂಥೆಟಿಕ್ ಎಂಜಿನ್ನಿಗೆ ಎಷ್ಟೋ ಮೇಲು.

ಡಬ್ಬಿಯ ಮುಂದಿನ ದೊಡ್ಡಕ್ಷರಗಳಿಂದ ತಿಳಿಯುವುದು ಕಡಿಮೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ವಿಂಗಡಿಸಿರುವ, ರಾಸಾಯನಿಕಗಳನ್ನು ಬೆರೆಸುವ ಮುನ್ನಿನ ಮೂಲ ಎಣ್ಣೆಯಾದ ಬೇಸ್ ಆಯಿಲ್‌ನ 5 ಗುಂಪುಗಳಲ್ಲಿ, ಕಚ್ಚಾತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ಪಡೆಯುವ 3ನೇ ಗುಂಪಿನದನ್ನೂ ಅನೇಕ ಕಡೆ ಸಿಂಥೆಟಿಕ್ ಎಂದೇ ಮಾರುತ್ತಾರೆ. ಇನ್ನು ಸೆಮಿ ಸಿಂಥೆಟಿಕ್‌ನಲ್ಲಿ ಸಿಂಥೆಟಿಕ್ ಪಾಲು ಎಷ್ಟಿರಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ.

ಡಬ್ಬಿಯ ಹಿಂಬದಿಯಲ್ಲಿ ನಾನು ಮೊದಲು ಹುಡುಕುವುದು ಬೂದಿಗೆ ಸಂಬಂಧಿಸಿದ ಸಂಕೇತವನ್ನು. ಡಿಪಿಎಫ್ (ಹೊಗೆಯ ಹಾದಿಯಲ್ಲಿ ಕೂರಿಸಿರುವ ಮಸಿ ಫಿಲ್ಟರ್) ಇರುವ ವಾಹನದಲ್ಲಿ ಹೊಗೆಯ ಮಸಿ ಆ ಫಿಲ್ಟರಿನಲ್ಲಿ ಸಿಕ್ಕಿ, ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟುಹೋಗುತ್ತದೆ. ಆದರೆ ಆಯಿಲ್‌ಗೆ ಬೆರೆಸಿದ ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳ ಸಂಯುಕ್ತಗಳಿಂದ ಉಂಟಾಗುವ ಬೂದಿ ಸುಡುವುದಿಲ್ಲ, ಅಲ್ಲಿಯೇ ಉಳಿದು ಫಿಲ್ಟರನ್ನು ನಿಧಾನವಾಗಿ ತುಂಬುತ್ತಾ ಹೋಗುತ್ತದೆ. ಅದಕ್ಕಾಗಿಯೇ ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಸಿ3 ವರ್ಗದಲ್ಲಿ ಸಲ್ಫೇಟೆಡ್ ಬೂದಿಯ (ಆಯಿಲ್ಲಿನಿಂದ ಉಳಿಯುವ ಬೂದಿಯ ಪ್ರಮಾಣಿತ ಅಳತೆ) ಮಿತಿ ಶೇ. 0.8. ಈ ಮಿತಿಯನ್ನು ಮೀರಿದ ಆಯಿಲ್ ಪೂರ್ಣ ಸಿಂಥೆಟಿಕ್ ಆಗಿದ್ದರೂ ಸಿ3 ಕೇಳುವ ವಾಹನಕ್ಕೆ ಸಲ್ಲದು. ಹೊಸ ಸಂಕೇತವೆಲ್ಲ ಹಳೆಯದಕ್ಕಿಂತ ಉತ್ತಮವೆಂಬ ಲೆಕ್ಕವೂ ಇಲ್ಲಿ ನಡೆಯದು: ಎಪಿಐ 2016ರಲ್ಲಿ ಒಟ್ಟಿಗೆ ತಂದ ಎರಡು ವರ್ಗಗಳಲ್ಲಿ ಸಿಕೆ-4 ಹಳೆಯ ಎಂಜಿನ್‌ಗಳಿಗೂ ಒಗ್ಗುವಂಥದ್ದು, ಎಫ್‌ಎ-4 ಮಾತ್ರ ಹೆಚ್ಚು ತೆಳುವಾದ್ದರಿಂದ ತಯಾರಕರು ಒಪ್ಪಿದ ಎಂಜಿನ್‌ಗಳಿಗಷ್ಟೇ ಮೀಸಲು.

ಗ್ರೇಡ್‌ನಿಂದಲೇ ಎಷ್ಟೋ ಸಲ ಆಯ್ಕೆ ತೀರ್ಮಾನವಾಗಿಬಿಡುತ್ತದೆ. ಕೈಪಿಡಿ 5ಡಬ್ಲ್ಯು-30 (ಡಬ್ಲ್ಯುಗೆ ಮುಂಚಿನ ಅಂಕಿ ಚಳಿಯಲ್ಲಿನ, ನಂತರದ್ದು ಬಿಸಿಯಲ್ಲಿನ ಗಟ್ಟಿತನದ ಗುರುತು) ಎಂದರೆ ಸಿಗುವುದು ಬಹುಪಾಲು ಸಿಂಥೆಟಿಕ್ಕೇ. 15ಡಬ್ಲ್ಯು-40 ಸೂಚಿಸಿರುವ, ಡಿಪಿಎಫ್ ಇಲ್ಲದ ಹಳೆಯ ಎಂಜಿನ್, ಸಾಧಾರಣ ಓಡಾಟ, ಅವಧಿ ತಪ್ಪದ ಬದಲಾವಣೆ ಎಂದಾದರೆ ಸೆಮಿ ಸಿಂಥೆಟಿಕ್‌ಗಿಂತ ಹೆಚ್ಚಿನದನ್ನು ನಾನಾಗಿ ಸೂಚಿಸುವುದಿಲ್ಲ. ಟರ್ಬೊ ಇದ್ದು, ಭಾರ ಹೊತ್ತು ಏರು ಹತ್ತುವ ಅಥವಾ ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಆಗಬೇಕಾದ ವಾಹನಕ್ಕೆ ಸಿಂಥೆಟಿಕ್‌ನ ಹೆಚ್ಚುವರಿ ಖರ್ಚು ಸಾರ್ಥಕ. ಟರ್ಬೊ ಬೇರಿಂಗ್‌ನ ಬಿಸಿಗೆ ಅದು ಬೇಗ ಕರಕಲಾಗುವುದಿಲ್ಲ, ಚಳಿಯಲ್ಲಿ ಎಂಜಿನ್ನಿನ ಮೇಲ್ಭಾಗವನ್ನು ಬೇಗ ತಲುಪುತ್ತದೆ.

ಸಿಂಥೆಟಿಕ್ ಹಾಕಿಸಿದೆನೆಂದು ಬದಲಾವಣೆಯ ಅವಧಿಯನ್ನು ತಾವೇ ಹಿಗ್ಗಿಸಿಕೊಳ್ಳುವವರ ಜೊತೆ ಮಾತ್ರ ನನಗೆ ವಾದ ತಪ್ಪಿದ್ದಲ್ಲ. ಡೀಸೆಲ್ ಎಂಜಿನ್ನಿನ ಮಸಿ ಯಾವ ಆಯಿಲ್ಲಿಗೂ ಸೇರಿಯೇ ಸೇರುತ್ತದೆ. ಡಿಪಿಎಫ್ ಇರುವ ವಾಹನವನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ, ಮಸಿ ಸುಡಲೆಂದು ಅನೇಕ ಎಂಜಿನ್‌ಗಳಲ್ಲಿ ಸಿಲಿಂಡರಿನೊಳಗೇ ಹೆಚ್ಚುವರಿಯಾಗಿ ಚಿಮ್ಮಿಸುವ ಡೀಸೆಲ್ ಗೋಡೆಗುಂಟ ಇಳಿದು ಎಂಜಿನ್ನಿನ ತಳದ ಸಂಪ್‌ನ ಆಯಿಲ್‌ನಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯಲಿಲ್ಲವೆಂದು, ಒಮ್ಮೊಮ್ಮೆ ಏರಿದೆಯೆಂದು ಮಾಲೀಕರು ಸಂತೋಷಪಡುವುದು ಇಂಥ ವಾಹನಗಳಲ್ಲೇ. ಆಯಿಲ್ ಬೇಗ ಕಪ್ಪಾಯಿತೆಂದು ಗಾಬರಿಗೊಳ್ಳುವವರೂ ಇದ್ದಾರೆ, ಆದರೆ ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ.

ಈ ಎಲ್ಲ ಕಾರಣಗಳಿಂದ ಜಾಬ್ ಕಾರ್ಡಿನಲ್ಲಿ ‘ಸಿಂಥೆಟಿಕ್’ ಎಂದಷ್ಟೇ ಬರೆಯುವುದನ್ನು ನಮ್ಮ ವಿಭಾಗದಲ್ಲಿ ಬಿಡಿಸಿದ್ದೇನೆ. ಗ್ರೇಡ್, ಸಂಕೇತ, ತಯಾರಕರ ಅನುಮೋದನೆಯ ಸಂಖ್ಯೆ ಮೂರನ್ನೂ ಬರೆದಿಟ್ಟರೆ, ದಾರಿಯಲ್ಲಿ ಮಟ್ಟ ಇಳಿದಾಗ ಮಾಲೀಕರು ಬೇರೆ ಬ್ರ್ಯಾಂಡ್ ಕೊಂಡರೂ ಹೊಂದುವ ಆಯಿಲ್ಲನ್ನೇ ಕೇಳಿ ಪಡೆಯಬಹುದು.