ಕಬ್ಬನ್ ಪಾರ್ಕ್ ಮೆಟ್ರೋದ ಗೋಡೆ ಚಿತ್ರ ನೋಡೋಕೆ ಹೋಗ್ತೀರಾ?

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ನನ್ನ ತಮ್ಮ ರಜೆಗೆ ಬಂದವನು ಅಲ್ಲಿನ ಮೆಟ್ರೋ ಸುರಂಗದ ಕಥೆ ಶುರು ಮಾಡಿದ. ಮರ್ಟಲ್ ಅವೆನ್ಯೂ ಅಂತ ಈಗ ರೈಲು ನಿಲ್ಲದ ಒಂದು ಹಳೇ ನಿಲ್ದಾಣ. ಬಿಲ್ ಬ್ರಾಂಡ್ ಎಂಬ ಕಲಾವಿದ 1980ರಲ್ಲಿ ಅಲ್ಲಿ 228 ಚಿತ್ರಗಳನ್ನು ಸಾಲಾಗಿ ಕೂರಿಸಿ, ಅದರ ಮುಂದೆ ಸಣ್ಣ ಸಣ್ಣ ಸೀಳು ಬಿಟ್ಟ ಗೋಡೆ ನಿಲ್ಲಿಸಿದರು. ರೈಲು ಓಡಿದಾಗ ಆ ಸೀಳುಗಳಲ್ಲಿ ಚಿತ್ರ ಕುಣಿಯುತ್ತದೆ. ಪರದೆಯೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಓಡುವವರು ನಾವೇ.

"ನಮ್ಮೂರಲ್ಲಿ ಏನಿದೆ ಅಕ್ಕ?" ಅಂದ. ಭಾನುವಾರ ಬೆಳಿಗ್ಗೆ ಎಬ್ಬಿಸಿಕೊಂಡು ಹೋದೆ.

ನೀವೂ ಹೋಗುವುದಾದರೆ ಎಂ.ಜಿ. ರಸ್ತೆಯಿಂದ ಹೊರಡಿ. ಹಳೇ ಬುಲೆವಾರ್ಡ್ ಜಾಗದಲ್ಲಿ 2013ರಲ್ಲಿ ಶುರುವಾದ ರಂಗೋಲಿ ಕಲಾ ಕೇಂದ್ರವನ್ನು ಒಮ್ಮೆ ಸುತ್ತಿ, ಮೆಜೆಸ್ಟಿಕ್ ಕಡೆಯ ರೈಲು ಹತ್ತಿ. ಕೂರಬೇಡಿ, ಬಾಗಿಲ ಹತ್ತಿರ ನಿಲ್ಲಿ. ಮೇಲಿನಿಂದ ಬರುವ ರೈಲು ಇಲ್ಲಿ ನೆಲದೊಳಗೆ ಇಳಿಯುತ್ತದೆ. ಮರ, ರಸ್ತೆ, ಬಿಸಿಲು ಇದ್ದ ಗಾಜಿನಲ್ಲಿ ಇದ್ದಕ್ಕಿದ್ದಂತೆ ನಮ್ಮದೇ ಮುಖ! ನನಗೆ ಇಡೀ ಪ್ರಯಾಣದಲ್ಲಿ ಜಾಸ್ತಿ ಇಷ್ಟವಾದದ್ದು ಆ ಕ್ಷಣ.

ಮುಂದಿನದೇ ಕಬ್ಬನ್ ಪಾರ್ಕ್. ಸೃಷ್ಟಿ ಕಲಾ ಸಂಸ್ಥೆಯವರು ಮೆಟ್ರೋ ಜೊತೆ ಸೇರಿ ಮಾಡಿದ 'ಆರ್ಟ್ ಇನ್ ಟ್ರಾನ್ಸಿಟ್' ಎಂಬ ಕಲಾ ಯೋಜನೆ ಇಲ್ಲಿದೆ. ಇದಕ್ಕೂ ಮೊದಲು ಪೀಣ್ಯದಲ್ಲಿ ಮಾಡಿದ್ದರು. ವಿಡಿಯೋ ಪರದೆಗಳ ಕತ್ತಲ ಕೋಣೆ ಅಂದುಕೊಂಡು ಹೋದರೆ ಬೇಜಾರಾಗುತ್ತದೆ. ಇವು ಗೋಡೆಯ ಮೇಲಿನ ದೊಡ್ಡ ಚಿತ್ರಗಳು. ಒಂದು ಸಲ ದೂರದಿಂದ ನೋಡಿ, ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋಗಿ. ಬ್ರಷ್ಷಿನ ಗೆರೆ ಕಾಣುತ್ತದೆ. ಇನ್ನೊಂದು ಸಲ ಸುಮ್ನೆ ನಡೆಯುತ್ತಾ ನೋಡಿ. ರೈಲು ಹಿಡಿಯುವ ಅವಸರದವರಿಗೆ ಅದು ಹಾಗೆಯೇ ತಾನೇ ಕಾಣುವುದು!

ಒಂದು ಎಚ್ಚರಿಕೆ. ಟಿಕೆಟ್ ಗೇಟಿನ ಒಳಗೆ ಇಷ್ಟು ಹೊತ್ತು ಮಾತ್ರ ಇರಬೇಕು ಅಂತ ನಿಯಮವಿದೆ. ನಾವು ಮಾತಾಡುತ್ತಾ ಮೈಮರೆತೆವು, ಹೊರಬರುವಾಗ ಗೇಟು ಬಿಡಲಿಲ್ಲ. ಕೌಂಟರಿಗೆ ಹೋಗಿ ದಂಡ ಕಟ್ಟಿದೆವು. ತಪ್ಪು ನಮ್ಮದೇ. ಹಾಗಾಗಿ ಗೇಟಿನ ಹೊರಗಡೆ ಇರುವುದನ್ನು ನಿಧಾನವಾಗಿ ನೋಡಿ, ಒಳಗಿನದನ್ನು ಬೇಗ ಮುಗಿಸಿ. ಟ್ರೈಪಾಡ್ ಮನೆಯಲ್ಲೇ ಬಿಡಿ. ಪಕ್ಕದ ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇದ್ದರೆ ಆ ದಿನ ಹೋಗಲೇಬೇಡಿ.

ಆಮೇಲೆ ಮತ್ತೆ ರೈಲು ಹತ್ತಿ. ಕಬ್ಬನ್ ಪಾರ್ಕ್, ವಿಧಾನಸೌಧ, ಸರ್ ಎಂ.ವಿ., ಮೆಜೆಸ್ಟಿಕ್, ರೈಲ್ವೆ ಸ್ಟೇಷನ್. ನೇರಳೆ ಮಾರ್ಗದ ಈ 5 ನಿಲ್ದಾಣಗಳ 4.8 ಕಿ.ಮೀ. ಸುರಂಗ 2016ರಲ್ಲಿ ತೆರೆಯಿತು. ದಾರಿಯಲ್ಲಿ ಫೋನ್ ಜೇಬಿಗೆ ಹಾಕಿ ಕಿಟಕಿ ನೋಡಿ. ಸುರಂಗದ ದೀಪಗಳು ಒಂದೊಂದಾಗಿ ಬಂದು ಓಡುತ್ತವೆ, ಆಮೇಲೆ ನಿಲ್ದಾಣದ ಬೆಳಕು ಒಮ್ಮೆಲೇ ಬಂದು ಕಿಟಕಿ ತುಂಬುತ್ತದೆ. ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ರೈಲು ಮತ್ತೆ ಬಿಸಿಲಿಗೆ ಏರಿರುತ್ತದೆ.

ತಮ್ಮ ನನ್ನ ಮಾತು ಕೇಳಲಿಲ್ಲ, ಪೂರ್ತಿ ವಿಡಿಯೋ ಮಾಡಿಕೊಂಡ. ಮನೆಗೆ ಬಂದು ನೋಡಿದರೆ ಗಾಜಿನಲ್ಲಿ ಅವನ ಮುಖ, ಹಿಂದೆ ಆಕಳಿಸುತ್ತಿರುವ ನಾನು.