ಚರಗಾ ಚೆಲ್ಲೋರು ಯಾರು?

"ಚರಗಾ ನೀವು ಚೆಲ್ಲತೀರೋ, ನಾ ಚೆಲ್ಲಲ್ರೀ ಮಾಸ್ತರ್ರ?"

ಮೊನ್ನೆ ಸೀಗಿ ಹುಣ್ಣಿವಿಯ ದಿನ ನವಲಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕಾಕಾಗೆ ಅವರ ಹೊಲ ಲಾವಣಿ, ಅಂದರೆ ಗೇಣಿ, ಮಾಡಿದವರು ಕೇಳಿದ ಮಾತಿದು. ಪೂಜೆ ಮುಗಿದಿತ್ತು. ಚರಗ ಅಂದರೆ ಭೂಮಿತಾಯಿಗೆ ಅಂತ ಹೊಲದ ಸುತ್ತ ಚೆಲ್ಲುವ ಅಡಿಗೆ, ಅದರ ಬುಟ್ಟಿಗೆ ಕೈ ಹಾಕಬೇಕಷ್ಟೇ. ಕಾಕಾ ಮೂವತ್ತು ವರ್ಷ ಸಾಲಿ ಕಲಿಸಿದವರು, ಪ್ರಶ್ನೆಗೆ ಪ್ರಶ್ನೆ ಹಾಕುವುದು ಅಭ್ಯಾಸ. "ಹೊಲಾ ಯಾರದು?" ಅಂದರು.

"ಹೊಲಾ ನಿಮ್ಮದ್ರಿ. ಬೆಳಿ ನಂದು."

ಹೇಳಿದ ದನಿಯಲ್ಲಿ ಜಗಳವಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು. ಬೆಂಗಳೂರಿನಿಂದ ಬಂದಿದ್ದ ಕಾಕಾನ ಮಗ ಮೊಬೈಲ್ ಎತ್ತಿಕೊಂಡು, "ಅಪ್ಪಾ, ನೀವ ಚೆಲ್ರಿ, ವಿಡಿಯೋ ತಗೀತೀನಿ" ಅಂದ. ಅಲ್ಲಿಗೆ ತೀರ್ಮಾನವಾಯಿತು. ಆದರೆ ಊಟದ ಹೊತ್ತಿನಲ್ಲೂ, ವಾಪಸು ಬರುವ ದಾರಿಯಲ್ಲೂ, ಇದನ್ನು ಬರೆಯುವಾಗಲೂ ಆ ಮಾತೇ ಕಿವಿಯಲ್ಲಿದೆ. ಹೊಲಾ ನಿಮ್ಮದ್ರಿ, ಬೆಳಿ ನಂದು.

ಹುಣ್ಣಿವಿ ಬುತ್ತಿ ಅಂದರೆ ಬರೀ ಹೊಲದ ಊಟ ಅಂದುಕೊಂಡವರು ಈಚೆಗೆ ಜಾಸ್ತಿ. ಆಶ್ವೀಜ ಹುಣ್ಣಿವಿಯ ಹೊತ್ತಿಗೆ ಮುಂಗಾರಿ ಪೈರು ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಅಂತ ಎಲ್ಲ ಬಗೆಯ ಅಡಿಗೆ ಹೊತ್ತುಕೊಂಡು ಹೋಗುವುದು. ಅದೇ ದಿನ ಮಲೆನಾಡಿನವರಿಗೆ ಭೂಮಿ ಹುಣ್ಣಿಮೆ. ಅವರು ಚಿತ್ತಾರ ಬರೆದ ಬುಟ್ಟಿ ಹೊತ್ತು ಬೆಳಕು ಹರಿಯುವ ಮೊದಲೇ ಗದ್ದೆಗೆ ಇಳಿಯುತ್ತಾರೆ. ನಮ್ಮ ಕಡೆ ಅಷ್ಟು ಅವಸರವಿಲ್ಲ, ಹತ್ತು ಗಂಟೆಗೆ ಚಕ್ಕಡಿ ಹೂಡಿದರೂ ನಡೆಯುತ್ತದೆ.

ಬುತ್ತಿಯ ಜಾಣತನವೆಲ್ಲ ಯಾವುದನ್ನು ಯಾವಾಗ ಮಾಡಬೇಕು ಅನ್ನುವುದರಲ್ಲಿದೆ. ಸಜ್ಜಿ ರೊಟ್ಟಿಯನ್ನು ಎರಡು ದಿನ ಮೊದಲೇ ಬಡಿಯಬೇಕು. ಸಜ್ಜಿ ಹಿಟ್ಟಿನಲ್ಲಿ ಎಣ್ಣೆಯಂಶ ಇರುವುದರಿಂದ ಬೀಸಿ ಬಹಳ ದಿನ ಇಟ್ಟರೆ ಕಹಿಯಾಗುತ್ತದೆ, ಆ ವಾರವೇ ಬೀಸಿಸಿದ್ದಾಗಬೇಕು. ಕುದಿಯುವ ನೀರು ಹಾಕಿ ನಾದಿದರೆ ಜಿಗಿ ಬರುತ್ತದೆ, ಅಂಚು ಒಡೆಯುವುದಿಲ್ಲ. ಎಳ್ಳನ್ನು ಹಸಿ ರೊಟ್ಟಿಯ ಮೇಲೆ ಉದುರಿಸಿ ಅಂಗೈಯಿಂದ ಒತ್ತಬೇಕು, ಇಲ್ಲವಾದರೆ ಹಂಚಿನ ಮೇಲೇ ಅರ್ಧ ಉದುರಿ ಸೀಯುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಟ್ಟುವಾಗ. ರೊಟ್ಟಿ ಪೂರ್ತಿ ಆರಿ ಕಡಕ್ ಆಗುವ ಮೊದಲೇ ಡಬ್ಬಿಗೆ ಒಟ್ಟಿದರೆ ಒಳಗಿನ ಹಬೆಗೆ ಮೆತ್ತಗಾಗಿ ಮರುದಿನ ಚರ್ಮದಂತಾಗುತ್ತದೆ. ಶೇಂಗಾ ಹೋಳಿಗಿ ವಾರ ಇದ್ದರೂ ಕೆಡದು. ಬ್ಯಾಳಿ ಹೋಳಿಗಿ, ಕಡುಬು ಮಾತ್ರ ಅದೇ ಬೆಳಿಗ್ಗೆಯೇ ಆಗಬೇಕು. ಎಣಗಾಯಿಗೆ ರಸ ಕಡಿಮೆ ಮಾಡಿ ಮಸಾಲಿ ಗಟ್ಟಿ ಇರಲಿ, ಚಕ್ಕಡಿಯ ಕುಲುಕಾಟಕ್ಕೆ ಎಂಥ ಡಬ್ಬಿಯ ಮುಚ್ಚಳವೂ ಸೋರುತ್ತದೆ. ಮೊಸರು ಬುತ್ತಿಗೆ ಮೊಸರು ಹಾಕಿ ಕಲಸಿದರೆ ಮಧ್ಯಾಹ್ನದ ಬಿಸಿಲಿಗೆ ಹುಳಿ ಹುಳಿ. ಆರಿದ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಸುರಿದು, ಲೀಟರಿಗೆ ಎರಡು ಚಮಚದಷ್ಟೇ ಮೊಸರು ಹೆಪ್ಪು ಹಾಕಿ ಒಯ್ದರೆ ಉಣ್ಣುವ ಹೊತ್ತಿಗೆ ಸರಿಯಾಗಿ ಕೂತಿರುತ್ತದೆ. ನಮ್ಮ ವೈನಿ ಈ ಲೆಕ್ಕದಲ್ಲಿ ಪಂಡಿತೆ. ಕಾಕಾನ ಸೊಸೆ ಖಾನಾವಳಿಯಿಂದ ತರಿಸಿದ ಹೋಳಿಗಿ ನೋಡಿ ಆಕೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಎಲ್ಲರಿಗೂ ಕೇಳಿಸಿತು.

ಕೂಡುವ ಜಾಗವನ್ನೂ ನೋಡಿ ಆರಿಸಬೇಕು. ಜಾಲಿ ಗಿಡದ ನೆರಳು ತೆಳು, ಮುಳ್ಳು ಬೇರೆ. ಬೇವು ಇದ್ದರೆ ಅದೇ ವಾಸಿ. ತಾಡಪಾಲು ಹಾಸುವ ಮೊದಲು ತಲೆಯೆತ್ತಿ ಟೊಂಗೆ ನೋಡಿ. ಜೇನು ಕಟ್ಟಿದ್ದರೆ ಊದಿನಕಡ್ಡಿ, ಲೋಬಾನದ ಹೊಗೆಗೆ ಏಳುತ್ತವೆ, ಹಬ್ಬ ಅಲ್ಲಿಗೆ ಮುಗಿಯಿತು. ಹಿಂದಿನ ದಿನ ಮಳೆಯಾಗಿದ್ದರೆ ಕಾರನ್ನು ಡಾಂಬರು ರಸ್ತೆಯಲ್ಲೇ ಬಿಡಬೇಕು. ಎರಿ ಮಣ್ಣಿನಲ್ಲಿ ಹುಗಿದರೆ ಟ್ರ್ಯಾಕ್ಟರೂ ಕೈಯೆತ್ತುತ್ತದೆ. ಹುಡುಗರು ಲಗೋರಿ ಆಡುತ್ತೇವೆ ಅಂತ ಕಲ್ಲು ಹುಡುಕುತ್ತಾ ಹೋದರು. ಎರಿ ಹೊಲದಲ್ಲಿ ಕಲ್ಲೆಲ್ಲಿಂದ ಬರಬೇಕು! ಪಾಂಡವರೆಂದು ಸುಣ್ಣ ಹಚ್ಚಿ ಕೂಡಿಸುವ ಐದು ಕಲ್ಲನ್ನೇ ಬನ್ನಿ ಗಿಡದ ಬುಡದಲ್ಲಿ ವರ್ಷದಿಂದ ವರ್ಷಕ್ಕೆ ಕಾದಿಡುತ್ತಾರೆ. ಧರ್ಮರಾಯನನ್ನು ಲಗೋರಿಗೆ ಎತ್ತಿಕೊಂಡು ಬಂದವನಿಗೆ ಅಜ್ಜಿಯಿಂದ ಬಿತ್ತು ಒಂದು. ಕೊನೆಗೆ ಚಿಣಿಪಣಿ ಆಡಿದರು.

ಇನ್ನು ಚರಗ. ಮಾಡಿದ ಅಡಿಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುರಿದು, ಅನ್ನದ ಜೊತೆ ಕಲಸಿ ಬಿದಿರು ಬುಟ್ಟಿಗೆ ತುಂಬುತ್ತಾರೆ. ಮುಂದೊಬ್ಬರು "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಚೆಲ್ಲಬೇಕು, ಹಿಂದೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾ "ಚಲ್ಲಾಂಬ್ರಿಗೋ" ಅನ್ನಬೇಕು. ಈ ಕೂಗು ಊರೂರಿಗೆ ಬೇರೆ. ನಾಲ್ಕು ಎಕರೆ ಚೌಕ ಹೊಲವಾದರೆ ಬದುವಿನ ಸುತ್ತು ಸುಮಾರು ಅರ್ಧ ಕಿಲೋಮೀಟರ್. ಹತ್ತು ಹೆಜ್ಜೆಗೊಂದು ಹಿಡಿಯಂತೆ ನಾಲ್ಕೈದು ಕಿಲೋ ಚರಗ ಬೇಕು. ಹೊಸಬರು ಮೊದಲ ಬದುವಿನಲ್ಲೇ ಬೊಗಸೆಬೊಗಸೆ ತೂರಿ ಎರಡನೆಯ ಮೂಲೆಗೆ ಬರುವಷ್ಟರಲ್ಲಿ ಬುಟ್ಟಿ ಬರಿದು ಮಾಡುತ್ತಾರೆ.

ಕಾಕಾಗೆ ಆದದ್ದೂ ಹಾಗೇ. ವಿಡಿಯೋ ಚೆನ್ನಾಗಿ ಬರಲಿ ಅಂತ ಧಾರಾಳವಾಗಿ ಚೆಲ್ಲಿದರು. ಒಂದು ಬದು ಮುಗಿಯುವಷ್ಟರಲ್ಲಿ ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು ಮೆತ್ತಿ ಮೊಣಕಾಲು ಹಿಡಿಯಿತು. ಲಾವಣಿಯವರ ಹೆಂಡತಿ ತಮ್ಮ ಮನೆಯಿಂದ ತಂದ ಇನ್ನೊಂದು ಬುಟ್ಟಿಯನ್ನು ಸುಮ್ಮನೆ ಗಂಡನ ಕೈಗೆ ಕೊಟ್ಟರು. ಉಳಿದ ಮೂರು ಬದು ಆತನೇ ಚೆಲ್ಲಿದ್ದು.

ನಾನು ತಂಬಿಗೆ ಹಿಡಿದು ಹಿಂದೆ ಹೋದೆ. ಆತನ ಕೈ ಚರಗ ಚೆಲ್ಲುತ್ತಿತ್ತು, ಕಣ್ಣು ಬೇರೆ ಕೆಲಸ ಮಾಡುತ್ತಿತ್ತು. ಒಡ್ಡು ಒಡೆದ ಜಾಗದಲ್ಲಿ ನಿಂತು ಕಾಲಿಂದ ಮಣ್ಣು ಒತ್ತಿದ. ಹಂದಿ ನುಗ್ಗಿದ ಹೆಜ್ಜೆ ತೋರಿಸಿದ. ಹತ್ತಿಯ ಸಾಲಿನಲ್ಲಿ ಒಂದು ಹೂ ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿಕೊಂಡಿತ್ತು. ಅದನ್ನು ಕಿತ್ತು ಎಸಳು ಬಿಡಿಸಿ ಅಂಗೈ ಚಾಚಿದ. ಒಳಗೆ ಅಕ್ಕಿಕಾಳಿನಷ್ಟುದ್ದದ ಹುಳ, ಮೈಮೇಲೆ ಆಗಷ್ಟೇ ಕೆಂಪು ತಿರುಗುತ್ತಿರುವ ಬಣ್ಣ. ಗುಲಾಬಿ ಕಾಯಿಕೊರಕ. ಇದು ಕಾಯಿಯೊಳಗೆ ಸೇರಿದ ಮೇಲೆ ಹೊಡೆದ ಎಣ್ಣೆ (ಕೀಟನಾಶಕ) ತಾಗುವುದಿಲ್ಲ, ಹೂವಿನಲ್ಲಿರುವಾಗಲೇ ಕಿತ್ತು ಹಾಕಬೇಕು. ತೊಗರಿಯ ಅಕ್ಕಡಿ ಸಾಲಿನತ್ತ ಮಾತ್ರ ಒಂದೆರಡು ಹಿಡಿ ಹೆಚ್ಚೇ ಚೆಲ್ಲಿದ. "ಹಕ್ಕಿ ಬರ್ತಾವ್ರಿ, ಅನ್ನಾನೂ ತಿಂತಾವು, ಹುಳಾನೂ ತಿಂತಾವು" ಅಂದ. ಕೃಷಿ ವಿಜ್ಞಾನಿಗಳೂ ತೊಗರಿಯ ಕಾಯಿಕೊರಕಕ್ಕೆ ಚುರಮುರಿ ಎರಚಿ, ಹಕ್ಕಿ ಕೂಡಲು ಕವಲು ಕಟ್ಟಿಗೆ ನೆಡಿ ಅಂತಲೇ ಹೇಳುವುದು.

ವರ್ಷಕ್ಕೊಮ್ಮೆಯಾದರೂ ಹೊಲದ ನಾಲ್ಕೂ ಬದು ಕಾಲಿನಿಂದ ಸುತ್ತಲಿ ಅಂತಲೇ ಈ ಚರಗ ಇದ್ದೀತು ಅನ್ನಿಸಿತು. ಸುತ್ತಿದರೆ ಸಾಲದು, ಕಂಡದ್ದು ಏನೆಂದು ತಿಳಿಯುವವರೇ ಸುತ್ತಬೇಕು. ಕಾಕಾ ಕೆಟ್ಟವರಲ್ಲ. ಮಳೆ ಕೈಕೊಟ್ಟ ವರ್ಷ ಲಾವಣಿ ರೊಕ್ಕ ಬಿಟ್ಟಿದ್ದಾರೆ. ಆದರೆ ಬರೆದುಕೊಡಿ ಅಂದರೆ ಕೊಡಲಾರರು. 1974ರ ಭೂಸುಧಾರಣೆ ತಿದ್ದುಪಡಿಯಿಂದೀಚೆಗೆ ಕರ್ನಾಟಕದಲ್ಲಿ ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ ಹೊಲ ಲಾವಣಿಗೆ ಕೊಡುವುದಕ್ಕೇ ಕಾನೂನಿನ ಒಪ್ಪಿಗೆಯಿಲ್ಲ. ಉಳುವವನಿಗೆ ಭೂಮಿ ಸಿಗಲಿ ಅಂತ ಮಾಡಿದ್ದು, ಲಕ್ಷಾಂತರ ಗೇಣಿದಾರರಿಗೆ ಸಿಕ್ಕಿದ್ದೂ ನಿಜ. ಆಮೇಲೆ ಹುಟ್ಟಿದ ಲಾವಣಿಗಳೆಲ್ಲ ಬಾಯಿಮಾತಿನವು. ಉತಾರದಲ್ಲಿ (ಪಹಣಿಯಲ್ಲಿ) ಕಾಕಾನ ಹೆಸರು, ಬೆಳೆ ಪರಿಹಾರ ಬಂದರೆ ಅವರ ಖಾತೆಗೆ. ಬೀಜ, ಗೊಬ್ಬರ, ಆಳು, ಹುಳ ಎಲ್ಲ ಈತನ ಲೆಕ್ಕಕ್ಕೆ. ಹೊಲಾ ನಿಮ್ಮದ್ರಿ, ಬೆಳಿ ನಂದು ಅನ್ನುವುದು ಯಾವ ಕಾಗದದಲ್ಲೂ ಇಲ್ಲ. ಚರಗದ ಬುಟ್ಟಿಯ ಮುಂದೆ ನಿಂತಾಗಷ್ಟೇ ಆತ ಅದನ್ನು ಬಾಯಿಬಿಟ್ಟು ಹೇಳಬಲ್ಲ. ಮಾಸ್ತರಿಕೆ ಮಾಡಿದ ಕಾಕಾಗೆ ಇದು ತಿಳಿಯದ್ದೇನಲ್ಲ, ತಿಳಿದದ್ದರಿಂದಲೇ ಸುಮ್ಮನಿದ್ದರು ಅಂತ ನನ್ನ ಗುಮಾನಿ.

ಊಟಕ್ಕೆ ಕೂತಾಗ ಬೆಂಗಳೂರಿನ ಹುಡುಗಿಯೊಬ್ಬಳು ಪಕ್ಕದ ಸಾಲಿನಿಂದ ಹಸಿ ಮೆಣಸಿನಕಾಯಿ ಕಿತ್ತುಕೊಂಡು ಬಂದಳು, ರೊಟ್ಟಿಗೆ ಕಡಿದುಕೊಳ್ಳಲು. ಲಾವಣಿಯವರ ಹೆಂಡತಿ ಊಟ ಬಿಟ್ಟು ಎದ್ದು ಬಂದು ಕೈಯಿಂದ ಕಸಿದರು. "ತಿನಬ್ಯಾಡ ತಂಗಿ, ನಿನ್ನೆ ಮೊನ್ನೆ ಎಣ್ಣಿ ಹೊಡದೀವಿ." ನಮ್ಮಲ್ಲಿ ಒಬ್ಬರಿಗೂ ಇದನ್ನು ಕೇಳಬೇಕು ಅನ್ನುವುದು ಹೊಳೆದಿರಲಿಲ್ಲ. ಹುಡುಗಿಯ ಕೈ ಸಾಬೂನು ಹಚ್ಚಿ ತೊಳೆಸಿ, ತಮ್ಮ ಬುತ್ತಿಯೊಳಗಿನ ಉಪ್ಪು ಸವರಿದ ಮೆಣಸಿನಕಾಯಿ ಎರಡು ಕೊಟ್ಟು, ಕಾಕಾನ ಕಡೆ ತಿರುಗಿ ಆಕೆ ಹೇಳಿದ್ದು ಇಷ್ಟೇ: "ಬರೂ ವರ್ಷ ಬರೂಕಿಂತ ವಾರ ಮೊದ್ಲ ಒಂದ್ ಫೋನ್ ಮಾಡ್ರಿ ಮಾಸ್ತರ್ರ. ಹೊಡಿಯೂದು ಮುಂದಕ್ಕ ಹಾಕತೀವಿ."